ಗುಬ್ಬಿಯಲ್ಲಿ ಕನ್ನಡ ಕಲಿತ ಪಾದ್ರಿ ವಿಲಿಯಂ ಆರ್ಥರ್

ಗುಬ್ಬಿಯ ಹೆಸರನ್ನು ಕೇಳಿದೊಡನೆ ನಮ್ಮ ವಾಚಕರಿಗೆ ನೆನಪಾಗುವ ಸಂಗತಿಗಳು ಹಲವು. ಭಾವಚಿಂತಾರತ್ನವನ್ನು ೧೫೧೩ರಲ್ಲಿ ರಚಿಸಿದ ಗುಬ್ಬಿಯ ಮಲ್ಲಣಾರ್ಯನ ಹೆಸರು ಸಾಹಿತ್ಯಾಭಿಮಾನಿಗಳ ನಾಲಗೆಯ ಮೇಲಿದೆ. ಚನ್ನಬಸವೇಶ್ವರಸ್ವಾಮಿಯ ಜಾತ್ರೆಯು ಸುತ್ತಣ ಸೀಮೆಗೆಲ್ಲ ಪರಿಚಿತವಾದುದು. ೧೮೮೪ರಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದ ನಾಟಕ ಸಂಘವಂತೂ ಈ ಊರಿನ ಹೆಸರನ್ನು ಕನ್ನಡನಾಡಿನ ಮೂಲೆಮೂಲೆಗೂ ಮುಟ್ಟಿಸಿತು. ಇವುಗಳ ಸಾಲಿನಲ್ಲಿ ನಾವು ಅಷ್ಟಾಗಿ ನೆನೆಯದ ಇನ್ನೊಂದು ಸಂಗತಿಯೂ ಉಂಟು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಗುಬ್ಬಿಯು ಸಮುದ್ರದಾಚೆಯಿಂದ ಬಂದ ತರುಣರು ಕನ್ನಡವನ್ನು ಕಲಿತ ಒಂದು ಪಾಠಶಾಲೆಯಾಗಿದ್ದಿತು. ಆ ಪಾಠಶಾಲೆಗೆ ಕಟ್ಟಡವಿರಲಿಲ್ಲ, ಫಲಕವಿರಲಿಲ್ಲ. ಪೇಟೆಯ ಬೀದಿ, ಸಂತೆಯ ಮಾಳ, ಹಳ್ಳಿಯ ಅರಳಿಕಟ್ಟೆ, ಇವೇ ಅದರ ತರಗತಿಗಳು. ಅಲ್ಲಿ ವಿದ್ಯಾರ್ಥಿಯಾಗಿದ್ದವರಲ್ಲಿ ಒಬ್ಬರಾದ ವಿಲಿಯಂ ಆರ್ಥರ್ ಅವರ ವೃತ್ತಾಂತವನ್ನೂ, ಆ ವಿದ್ಯಾಭ್ಯಾಸದಿಂದ ನಮಗೂ ಅವರಿಗೂ ದೊರೆತುದೇನೆಂಬುದನ್ನೂ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಕಾಲದೇಶಗಳ ಪರಿಸ್ಥಿತಿಯನ್ನು ತಿಳಿಯಬೇಕು. ೧೮೩೧ರಲ್ಲಿ, ನಗರದ ದಂಗೆಯ ತರುವಾಯ, ಮುಮ್ಮಡಿ ಕೃಷ್ಣರಾಜ ಒಡೆಯರವರಿಂದ ಮೈಸೂರು ಸೀಮೆಯ ಆಡಳಿತವನ್ನು ಇಂಗ್ಲಿಷರು ತಮ್ಮ ವಶಕ್ಕೆ ತೆಗೆದುಕೊಂಡರು. ೧೮೩೪ರಿಂದ ೧೮೬೧ರ ವರೆಗೆ ಮಾರ್ಕ್ ಕಬ್ಬನ್ ಸಾಹೇಬರು ಕಮಿಷನರಾಗಿದ್ದರು. ತುಮಕೂರು ಪ್ರಾಂತ್ಯವು ಆಗ ಚಿತ್ರದುರ್ಗ ವಿಭಾಗಕ್ಕೆ ಸೇರಿದ್ದಿತು. ಆ ವಿಭಾಗದ ಸೂಪರಿಂಟೆಂಡೆಂಟರಾಗಿ ತುಮಕೂರಿನಲ್ಲಿ ಬಹುಕಾಲ ನೆಲೆಸಿದ್ದ ಡಾಬ್ಸ್ ಸಾಹೇಬರ ಹೆಸರು ಬೆಂಗಳೂರಿನ ಹೆದ್ದಾರಿಯ ಡಾಬ್ಸ್‌ಪೇಟೆಯಲ್ಲಿ ಇಂದಿಗೂ ಉಳಿದಿದೆ. ರೈಲು ತುಮಕೂರಿಗೆ ಬಂದದ್ದು ೧೮೮೪ರಲ್ಲಿ. ಅದಕ್ಕೂ ಅರ್ಧ ಶತಮಾನ ಹಿಂದಿನ ಈ ಕಾಲದಲ್ಲಿ ಬೆಂಗಳೂರಿನಿಂದ ಹೊರಟವನು ಕುದುರೆಯನ್ನೋ ಎತ್ತಿನ ಗಾಡಿಯನ್ನೋ ಪಲ್ಲಕ್ಕಿಯನ್ನೋ ನೆಚ್ಚಬೇಕಾಗಿದ್ದಿತು.

ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು ಬೆಂಗಳೂರಿಗೆ ಬಂದು ಕೆಲಸಮಾಡತೊಡಗಿದುದು ೧೮೨೧ರಲ್ಲಿ. ಆದರೆ ಅವರ ಆರಂಭದ ಕೆಲಸವೆಲ್ಲವೂ ದಂಡಿನ ಪ್ರದೇಶದಲ್ಲಿ ನಡೆಯಿತು. ಅಲ್ಲಿನ ಸಿಪಾಯಿಗಳೂ ಪರಿವಾರದವರೂ ಬಹುಮಟ್ಟಿಗೆ ಮದರಾಸಿನ ಕಡೆಯಿಂದ ಬಂದವರಾದುದರಿಂದ ಪಾದ್ರಿಗಳು ಕಲಿತದ್ದು ತಮಿಳನ್ನು. ನಾಡಿನ ಮಧ್ಯದಲ್ಲಿ ವರ್ಷಗಟ್ಟಲೆ ವಾಸಮಾಡಿಯೂ ನಾಡಿನ ಭಾಷೆಯಿಲ್ಲದೆ ಕಾಲಕಳೆಯುವುದು ಸಾಧ್ಯವಾಗಿದ್ದಿತು. ಈ ಕೊರತೆಯನ್ನು ನೀಗಬೇಕಾದರೆ ದಂಡನ್ನು ಬಿಟ್ಟು, ಕನ್ನಡವಲ್ಲದೆ ಬೇರೆ ಗತಿಯಿಲ್ಲದಂಥ ಊರಿಗೆ ಹೋಗಬೇಕಾಗಿದ್ದಿತು. ೧೮೩೭ರಲ್ಲಿ ತಾಮಸ್ ಹಾಡ್ಸನ್ ಎಂಬ ಪಾದ್ರಿಯವರು ಗುಬ್ಬಿಯಲ್ಲಿ ನೆಲೆಸಿದರು. ಗುಬ್ಬಿಯು ಆ ಕಾಲಕ್ಕೆ ಹೆಸರಾದ ವ್ಯಾಪಾರದ ಪೇಟೆ. ೧೮೦೦ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಬುಕನನ್ ಸಾಹೇಬರೇ ಅದರ ಸಂತೆಯನ್ನು ಗಮನಿಸಿ ಬರೆದಿದ್ದಾರೆ. ಅಡಕೆ, ಕೊಬ್ಬರಿ, ಧಾನ್ಯ, ಬಟ್ಟೆ ಇವುಗಳ ನಿಮಿತ್ತವಾಗಿ ನಾನಾ ಕಡೆಯ ಜನರು ಕೂಡುವ ಸ್ಥಳವು ಉಪದೇಶಮಾಡುವವನಿಗೆ ಅನುಕೂಲವಾದುದು. ಭಾಷೆ ಕಲಿಯುವವನಿಗೆ ಅದಕ್ಕಿಂತಲೂ ಅನುಕೂಲವಾದುದು. ಮುಂದೆ ಕುಣಿಗಲೂ ತುಮಕೂರೂ ಇದೇ ಮಿಷನ್ನಿನ ಠಾಣ್ಯಗಳಾದುವು. ಆದರೆ ಕನ್ನಡದ ಓನಾಮ ನಡೆದುದು ಗುಬ್ಬಿಯಲ್ಲಿ.

ಹಾಡ್ಸನ್ ಅವರ ಜೊತೆಗಾರರಾಗಿ ೧೮೩೯ರಲ್ಲಿ ಅಲ್ಲಿಗೆ ಬಂದವರು ವಿಲಿಯಂ ಆರ್ಥರ್. ಇವರು ೧೮೧೯ನೆಯ ಫೆಬ್ರವರಿ ೩ರಂದು ಐರ್ಲೆಂಡಿನ ಆಂಟ್ರಿಮ್ ಪ್ರಾಂತ್ಯದಲ್ಲಿ ಜನಿಸಿ, ಪಶ್ಚಿಮದ ಮೇಯೋ ಪ್ರಾಂತ್ಯದಲ್ಲಿ ಬೆಳೆದವರು. ಮೇಯೋ ಪ್ರಾಂತ್ಯದ ರೈತರ ಮನೆಮಾತು ಆ ಕಾಲದಲ್ಲಿ ಐರಿಷ್ ಭಾಷೆ. ಕಚೇರಿಯ ಮಾತೂ ವಿದ್ಯಾವಂತರ ಮಾತೂ ಇಂಗ್ಲಿಷು. ಹೀಗೆ ಒಂದೇ ಊರಿನಲ್ಲಿ ಎರಡು ಭಾಷೆಗಳು ಮೇಲುಕೀಳಾಗಿ ಬಾಳುವುದು ಅವರಿಗೆ ಹೊಸ ನೋಟವಾಗಿರಲಿಲ್ಲ. ಲಂಡನ್ನಿನ ಹಾಕ್ಸ್‌ಟನ್ ಎಂಬಲ್ಲಿದ್ದ ವೆಸ್ಲಿಯನ್ ವಿದ್ಯಾಲಯದಲ್ಲಿ ವ್ಯಾಸಂಗಮಾಡಿ, ಹಡಗನ್ನೇರಿ ಭಾರತಕ್ಕೆ ಹೊರಟಾಗ ಅವರಿಗೆ ಕೇವಲ ಇಪ್ಪತ್ತು ವರ್ಷ. ನಮ್ಮ ಮನೆಗಳಲ್ಲಿ ಇಪ್ಪತ್ತು ವರ್ಷದ ಹುಡುಗನನ್ನು ಪರಸ್ಥಳದ ಕಾಲೇಜಿಗೆ ಕಳುಹಿಸುವಾಗ ತಾಯಿತಂದೆಗಳು ಪಡುವ ಕಳವಳವನ್ನು ಬಲ್ಲವರು, ಕಾಗದವೊಂದು ತಲಪುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಆ ಕಾಲದ ಅಗಲಿಕೆಯನ್ನು ಊಹಿಸಿಕೊಳ್ಳಬಹುದು.

ಅಂಥ ತರುಣನಿಗೆ ಕನ್ನಡವನ್ನು ಕಲಿಯಲು ಆಗ ಇದ್ದ ಸಾಧನಗಳು ಯಾವುವು? ಸಿರಾಂಪುರದ ವಿಲಿಯಂ ಕೇರಿಯವರ ಕರ್ಣಾಟಕ ವ್ಯಾಕರಣವು ೧೮೧೭ರಲ್ಲಿ ಅಚ್ಚಾಗಿದ್ದಿತು. ಮದರಾಸಿನಲ್ಲಿ ಮೆಕೆರೆಲ್ ಸಾಹೇಬರ ವ್ಯಾಕರಣವು ೧೮೨೦ರಲ್ಲಿ ಹೊರಬಿದ್ದಿದ್ದಿತು. ಬಳ್ಳಾರಿಯ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರು ಇಂಗ್ಲಿಷ್–ಕನ್ನಡ ಕೋಶವನ್ನು ೧೮೨೪ರಲ್ಲಿಯೂ ಕನ್ನಡ–ಇಂಗ್ಲಿಷ್ ಕೋಶವನ್ನು ೧೮೩೨ರಲ್ಲಿಯೂ ಪ್ರಕಟಿಸಿದ್ದರು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಬೈಬಲಿನ ಕನ್ನಡ ಭಾಷಾಂತರವೂ ಸಿದ್ಧವಾಗಿದ್ದಿತು. ಇವೆಲ್ಲವೂ ಪರದೇಶೀಯರು ಪರದೇಶೀಯರಿಗಾಗಿ ಬರೆದವು. ಇವುಗಳ ನಡುವೆ ನಮ್ಮವರೇ ಬರೆದ ಒಂದು ಗ್ರಂಥವೂ ಇದ್ದಿತೆಂಬುದು ಹೆಮ್ಮೆಯ ವಿಷಯ. ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು ಆಡುವ ಕಾಲದ ಕನ್ನಡಕ್ಕೆ ಲಕ್ಷಣವನ್ನು ಹೇಳುವ ‘ಹೊಸಗನ್ನಡ ನುಡಿಗನ್ನಡಿ’ಯನ್ನು ೧೮೩೮ರಲ್ಲಿ ಪ್ರಕಟಿಸಿದರು. ಎಂದರೆ ಆರ್ಥರ್ ಅವರು ಗುಬ್ಬಿಗೆ ಬರುವುದಕ್ಕೆ ಒಂದೇ ವರ್ಷ ಮುಂಚೆ.

ಪುಸ್ತಕಗಳು ಇಷ್ಟಿದ್ದರೂ ಭಾಷೆಯು ಪುಸ್ತಕದಿಂದ ಬಾಯಿಗೆ ಬರತಕ್ಕದ್ದಲ್ಲ. ಇಂಗ್ಲಿಷನ್ನಾಡುವ ನಾಲಗೆಗೆ ಕನ್ನಡದ ಮೊದಲ ಪರೀಕ್ಷೆಯೇ ಉಚ್ಚಾರಣೆ. ಲಕಾರ ಳಕಾರಗಳ ಭೇದವು ನಮಗೆ ಉಸಿರಿನಷ್ಟು ಸಹಜ. ಹೊಸಬನಿಗೆ ಅದು ಕಿವಿಗೇ ಬೀಳದು. ಸಂತೆಗೆ ಹೋಗಿ ‘ಬೆಲೆ’ ಎಷ್ಟೆಂದು ಕೇಳಬೇಕಾದವನು ‘ಬೆಳೆ’ ಎಷ್ಟೆಂದು ಕೇಳುತ್ತಾನೆ. ‘ಹಾಲು’ ಬೇಕೆಂದು ಹೇಳಹೋಗಿ ‘ಹಾಳು’ ಎನ್ನುತ್ತಾನೆ. ನಕಾರ ಣಕಾರಗಳನ್ನು ಬೇರ್ಪಡಿಸಲಾರದವನಿಗೆ ‘ಮನೆ’ಯೂ ‘ಮಣೆ’ಯೂ ಒಂದೇ. ಹ್ರಸ್ವದೀರ್ಘಗಳನ್ನೂ ಒತ್ತಕ್ಷರಗಳನ್ನೂ ತಪ್ಪಿದವನಿಗೆ ‘ಕೊಡು’ ಹೋಗಿ ‘ಕೋಡು’ ಆಗುತ್ತದೆ, ‘ಎಲೆ’ ಹೋಗಿ ‘ಎಲ್ಲೆ’ ಆಗುತ್ತದೆ. ಅಡಕೆ ವೀಳ್ಯದೆಲೆಗಳ ಪೇಟೆಯಾದ ಗುಬ್ಬಿಯಲ್ಲಿ ಈ ಕೊನೆಯ ತಪ್ಪಿಗೆ ನಗುವವರ ಕೊರತೆಯಿರಲಾರದು.

ಎರಡನೆಯದು ವಾಕ್ಯದ ನಡೆ. ಇಂಗ್ಲಿಷಿನವನು ಕ್ರಿಯೆಯನ್ನು ಮೊದಲೇ ಹೇಳಿ ಉಳಿದುದನ್ನು ಹಿಂದೆ ಜೋಡಿಸುತ್ತಾನೆ. ಕನ್ನಡಿಗನು ಕರ್ತೃಕರ್ಮಗಳನ್ನೂ ಕಾಲಸ್ಥಳಗಳನ್ನೂ ಕಾರಣವನ್ನೂ ಹೇಳಿ ಮುಗಿಸಿ, ಕ್ರಿಯಾಪದವನ್ನು ಕಟ್ಟಕಡೆಗೆ ಇಡುತ್ತಾನೆ. ಕಡೆಯ ಮಾತು ಬರುವ ತನಕ ಅವನು ‘ಮಾಡಿದನೋ’ ‘ಮಾಡನೋ’ ಎಂಬುದೇ ತಿಳಿಯದು. ಇನ್ನು ಈ ‘ಮಾಡನು’ ಎಂಬ ರೂಪವೇ ಒಂದು ವಿಶೇಷ. ಬೇರೆ ನಿಷೇಧಪದದ ಸಹಾಯವಿಲ್ಲದೆ ಧಾತುವಿಗೇ ಪ್ರತ್ಯಯವನ್ನು ಹಚ್ಚಿ ಮಾಡೆನು, ಬಾರನು, ಅರಿಯರು ಎಂದು ನಿಷೇಧಿಸುವ ಈ ಕ್ರಮವು ಇಂಗ್ಲಿಷಿನಲ್ಲಿಲ್ಲ. ‘ಯಾವ ಮನುಷ್ಯನು ಬಂದನೋ ಅವನು’ ಎಂದು ಸುತ್ತಿಬಳಸಬೇಕಾದಲ್ಲಿ ‘ಬಂದ ಮನುಷ್ಯ’ ಎಂದು ಒಂದೇ ಉಸಿರಿನಲ್ಲಿ ಮುಗಿಸುವ ಕೃದಂತದ ಸೊಗಸೂ ಅವರಿಗೆ ಹೊಸದು. ‘ನನ್ನಲ್ಲಿ ಹಣವುಂಟು’, ‘ನನಗೆ ಹಸಿವಾಗಿದೆ’ ಎಂಬಲ್ಲಿ ‘ನಾನು’ ಕರ್ತೃವಾಗಿ ಮುಂದೆ ನಿಲ್ಲದೆ ಹಿಂದೆ ಸರಿದು ನಿಲ್ಲುವುದನ್ನು ಅಭ್ಯಾಸಮಾಡಿಕೊಳ್ಳುವುದಕ್ಕೆ ನಾಲಗೆಯನ್ನು ಮಾತ್ರವಲ್ಲ, ಆಲೋಚಿಸುವ ಕ್ರಮವನ್ನೇ ತಿದ್ದಿಕೊಳ್ಳಬೇಕು.

ಮೂರನೆಯದು ಎಲ್ಲಕ್ಕಿಂತಲೂ ಸೂಕ್ಷ್ಮವಾದುದು. ‘ನೀನು’ ಎಂಬುದೆಲ್ಲಿ, ‘ನೀವು’ ಎಂಬುದೆಲ್ಲಿ, ‘ತಾವು’ ಎಂಬುದೆಲ್ಲಿ ಎಂಬ ವಿವೇಕ. ಹಿರಿಯ ರೈತನೊಬ್ಬನನ್ನು ‘ನೀನು’ ಎಂದರೆ ಅವನಿಗೆ ನೋವು. ಚಿಕ್ಕ ಹುಡುಗನನ್ನು ‘ತಾವು’ ಎಂದರೆ ಕೂಡಿದವರಿಗೆ ನಗೆ. ಇದು ವ್ಯಾಕರಣದ ಪುಟದಲ್ಲಿ ಸಿಕ್ಕುವ ವಿದ್ಯೆಯಲ್ಲ. ಮನೆಗಳ ಮಧ್ಯದಲ್ಲಿ ಬಾಳಿ, ಅಪ್ಪ ಅವ್ವ ಅಣ್ಣ ಅಕ್ಕ ಎಂಬ ಕರೆಗಳನ್ನು ಕೇಳಿ ಕೇಳಿ ಬರುವ ವಿದ್ಯೆ.

ಇವೆಲ್ಲಕ್ಕೂ ಮಿಗಿಲಾದ ತೊಡಕೊಂದುಂಟು. ಮುನ್ಷಿಯು ಓದಿಸುವ ಕನ್ನಡವೇ ಬೇರೆ, ಊರು ಆಡುವ ಕನ್ನಡವೇ ಬೇರೆ. ಸಾಹೇಬರ ಮುಂದೆ ಕುಳಿತ ಪಂಡಿತನು ತನ್ನ ಭಾಷೆಯ ಶ್ರೇಷ್ಠರೂಪವನ್ನೇ ತೋರಿಸಬೇಕೆಂದು ಸಂಸ್ಕೃತಭೂಯಿಷ್ಠವಾದ ಗ್ರಂಥಭಾಷೆಯನ್ನು ಕಲಿಸುವುದು ಸಹಜ. ಅದನ್ನು ಕಲಿತುಕೊಂಡು ಬೀದಿಗಿಳಿದವನಿಗೆ ‘ಇದೆ’ ಎಂಬುದಕ್ಕೆ ‘ಐತೆ’ ಎಂದೂ ‘ಬಂದಿದ್ದಾನೆ’ ಎಂಬುದಕ್ಕೆ ‘ಬಂದವ್ನೆ’ ಎಂದೂ ಕೇಳಿಬರುತ್ತದೆ. ಪಂಡಿತನ ಕನ್ನಡದಲ್ಲಿ ಮಾತನಾಡಿದರೆ ಸಂತೆಯ ರೈತನು ತಲೆದೂಗಿ ಹೊರಟುಹೋಗುತ್ತಾನೆ, ಅರ್ಥಮಾತ್ರ ಅವನಿಗೆ ಮುಟ್ಟಿರುವುದಿಲ್ಲ. ಸಂತೆಯ ಕನ್ನಡದಲ್ಲಿ ಬರೆದರೆ ಪಂಡಿತನು ಮೂಗುಮುರಿಯುತ್ತಾನೆ. ಈ ಎರಡು ದಡಗಳ ನಡುವೆ ಸೇತುವೆಯನ್ನು ಕಟ್ಟುವ ಕಷ್ಟವನ್ನು ನಮ್ಮ ಹೊಸಗನ್ನಡದ ಗದ್ಯಕಾರರೆಲ್ಲರೂ ಮುಂದೆ ಅನುಭವಿಸಿದರು. ಪರದೇಶದ ತರುಣರಿಗೆ ಅದು ಕಲಿಕೆಯ ಮೊದಲ ದಿನಗಳಲ್ಲಿಯೇ ಎದುರಾಯಿತು.

ಭಾಷೆಯು ಬಂದಿತೆಂದುಕೊಂಡ ಮೇಲೆ ಧರ್ಮೋಪದೇಶಕನಿಗೆ ಇನ್ನೊಂದು ಕಷ್ಟವು ತಲೆದೋರುತ್ತದೆ. ಅವನು ಹೇಳಬೇಕೆಂದಿರುವ ಅರ್ಥಗಳು ಹೊಸವು, ಆದರೆ ಅವನಿಗೆ ಸಿಕ್ಕುವ ಶಬ್ದಗಳು ಸಾವಿರ ವರ್ಷಗಳಿಂದ ಬೇರೆ ಅರ್ಥಗಳನ್ನು ಹೊತ್ತು ಬಂದವು. ಪಾಪವೆಂದರೆ ಕೇಳುವವನ ಮನಸ್ಸಿಗೆ ಹಿಂದಿನ ಜನ್ಮದ ಕರ್ಮವು ಹೊಳೆಯುತ್ತದೆ. ಹೊಸ ಹುಟ್ಟು ಎಂದರೆ ಪುನರ್ಜನ್ಮವು ತೋರುತ್ತದೆ. ಯಾವುದರಿಂದ ಬಿಡಿಸಿಕೊಳ್ಳಬೇಕೆಂದು ಈ ನಾಡಿನ ಮುಮುಕ್ಷುಗಳು ಹಂಬಲಿಸಿದರೋ ಅದನ್ನೇ ವರವಾಗಿ ಕೊಡುವೆನೆಂದು ಪಾದ್ರಿಯು ಹೇಳಿದಂತಾಗುತ್ತದೆ! ‘ದೇವರು’ ಎಂಬ ಶಬ್ದವನ್ನೇ ನೋಡಿರಿ. ಅದು ನಮ್ಮಲ್ಲಿ ಗೌರವದ ಬಹುವಚನ. ಏಕದೇವನನ್ನು ಸಾರಬಂದವನು ಬಹುವಚನದಿಂದಲೇ ಆರಂಭಿಸಬೇಕು. ಬಹುಕಾಲ ರೂಢಿಯಲ್ಲಿದ್ದ ಹಳೆಯ ಕನ್ನಡ ಬೈಬಲಿನಲ್ಲಿ ‘ದೇವರು’ ಎಂಬ ಕರ್ತೃವಿಗೆ ‘ಹೇಳಿದನು’, ‘ಮಾಡಿದನು’ ಎಂಬಂಥ ಏಕವಚನದ ಕ್ರಿಯಾಪದಗಳನ್ನು ಹೊಂದಿಸಿರುವುದನ್ನು ವಾಚಕರು ಗಮನಿಸಿರಬಹುದು. ವ್ಯಾಕರಣಕ್ಕೆ ವಿರುದ್ಧವೆಂದು ತೋರುವ ಈ ಪ್ರಯೋಗದ ಹಿಂದೆ ಒಂದು ತತ್ತ್ವದ ಹಟವೂ ಒಂದು ಭಾಷೆಯ ಸ್ವಭಾವವೂ ಎದುರುಬದುರಾಗಿ ನಿಂತುಕೊಂಡಿವೆ. ಆ ತತ್ತ್ವವೂ ಸೋಲಲಿಲ್ಲ, ಕನ್ನಡವೂ ಸೋಲಲಿಲ್ಲ. ಇಬ್ಬರೂ ಅರ್ಧರ್ಧ ಬಿಟ್ಟುಕೊಟ್ಟು ರಾಜಿಯಾದರು.

ಕ್ರೈಸ್ತರು ಕನ್ನಡದಿಂದ ಪಡೆದ ಮಾತುಗಳಲ್ಲಿ ‘ದೀಕ್ಷಾಸ್ನಾನ’ವೆಂಬುದು ವಿಶೇಷವಾಗಿ ವಿಚಾರಾರ್ಹ. ಗುಬ್ಬಿಯಂಥ ವೀರಶೈವ ಕೇಂದ್ರದಲ್ಲಿ ದೀಕ್ಷೆಯೆಂಬ ಶಬ್ದವು ಮನೆಮಾತು. ಗುರುವಿನಿಂದ ಲಿಂಗದೀಕ್ಷೆಯನ್ನು ಪಡೆದವರ ಮುಂದೆ ನಿಂತು ಇನ್ನೊಂದು ದೀಕ್ಷೆಯ ಮಾತನ್ನು ಎತ್ತಿದರೆ ಅವರು ಸುಮ್ಮನೆ ಕೇಳಿಕೊಂಡು ಹೋಗುವವರಲ್ಲ. ಮಲ್ಲಣಾರ್ಯನಂಥ ಕವಿಯನ್ನು ಪಡೆದ ಊರಿಗೆ ಧರ್ಮದ ವಿಷಯವಾಗಿ ತರ್ಕಿಸುವುದು ಹೊಸ ವಿದ್ಯೆಯಲ್ಲ. ಬಾಹ್ಯಾಚಾರಗಳನ್ನು ಪ್ರಶ್ನಿಸುವ ವಚನಗಳ ಪರಂಪರೆಯು ಈ ಜನರ ಬೆನ್ನಿಗಿದ್ದಿತು. ಪರದೇಶದ ತರುಣನು ಹೊಸದೆಂದು ತಂದ ಆಕ್ಷೇಪಣೆಗಳಲ್ಲಿ ಕೆಲವನ್ನು ಬಸವಣ್ಣನವರ ಕಾಲದಿಂದಲೂ ಕನ್ನಡದಲ್ಲಿಯೇ ಕೇಳಿದ್ದ ಜನರು ಇವರು. ಆದುದರಿಂದ ಗುಬ್ಬಿಯ ಪೇಟೆಯಲ್ಲಿ ಮಾತನಾಡಲು ನಿಂತವನು ವ್ಯಾಕರಣವನ್ನು ಮಾತ್ರ ಕಲಿತರೆ ಸಾಲದು, ಎದುರಿನವರ ಉತ್ತರವನ್ನು ತಿಳಿದುಕೊಳ್ಳುವಷ್ಟು ಅವರ ಶಾಸ್ತ್ರವನ್ನೂ ಕಲಿಯಬೇಕು. ಹೀಗೆ ಗುರುವಾಗಬೇಕೆಂದು ಬಂದವನು ಮೊದಲು ಶಿಷ್ಯನಾಗದೆ ವಿಧಿಯಿರಲಿಲ್ಲ. ಉಪದೇಶಕ್ಕೆ ಎಷ್ಟು ಜನ ಕಿವಿಗೊಟ್ಟರು ಎಂಬುದಕ್ಕಿಂತ ಈ ಶಿಷ್ಯವೃತ್ತಿಯೇ ನಮಗೆ ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದುದು.

ಆರ್ಥರ್ ಅವರ ಶಿಷ್ಯವೃತ್ತಿಯು ಬಹುಕಾಲ ನಡೆಯಲಿಲ್ಲ. ಅವರ ಕಣ್ಣಿನ ದೃಷ್ಟಿಯು ಕೆಟ್ಟು, ಓದುಬರಹಗಳೇ ಅಶಕ್ಯವಾಗುವ ಸ್ಥಿತಿಯುಂಟಾದುದರಿಂದ ೧೮೪೧ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಇದಕ್ಕಿಂತ ವಿಷಾದಕರವಾದ ಸಂಗತಿ ಬೇರೊಂದುಂಟೆ? ಎರಡು ವರ್ಷಗಳ ಕಾಲ ಒಂದು ಭಾಷೆಗಾಗಿ ಯೌವನವನ್ನು ತೇದು, ಅದು ನಾಲಗೆಗೆ ಒಲಿಯುವ ಸಮಯಕ್ಕೆ ಅದನ್ನಾಡುವವರೇ ಇಲ್ಲದ ದೇಶಕ್ಕೆ ಹೋಗುವುದು, ಕಟ್ಟಿದ ಮನೆಯಲ್ಲಿ ಒಂದು ದಿನವೂ ವಾಸಮಾಡದೆ ಹೊರಟುಹೋದಂತೆ. ಲಂಡನ್ನಿನ ಬೀದಿಯಲ್ಲಿ ‘ಸ್ವಾಮೀ, ಕ್ಷೇಮವೆ?’ ಎಂದು ಕೇಳಿದರೆ ಉತ್ತರಕೊಡುವವರಾರು?

ಆದರೆ ಆ ಎರಡು ವರ್ಷಗಳು ನಿಷ್ಫಲವಾಗಲಿಲ್ಲ. ೧೮೪೭ರಲ್ಲಿ ಅವರು ತಮ್ಮ ಮೈಸೂರು ಸೀಮೆಯ ಅನುಭವಗಳನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ದೊಡ್ಡ ಪುಸ್ತಕವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಗುಬ್ಬಿಯೆಂಬ ಊರೊಂದು ಇದೆಯೆಂಬುದನ್ನು ಇಂಗ್ಲೆಂಡಿನ ಅನೇಕ ಮನೆಗಳವರು ಈ ಪುಸ್ತಕದಿಂದಲೇ ತಿಳಿದರು. ಈ ಗ್ರಂಥವನ್ನು ಓದುವ ಕನ್ನಡಿಗನು ಎರಡು ಕಣ್ಣುಗಳಿಂದ ಓದಬೇಕು. ಇದು ಮತಪ್ರಚಾರಕನ ದೃಷ್ಟಿಯಿಂದ ಬರೆದ ಗ್ರಂಥ. ನಮ್ಮ ದೇವತೆಗಳ ವಿಷಯವಾಗಿಯೂ ಆಚಾರಗಳ ವಿಷಯವಾಗಿಯೂ ಅದರಲ್ಲಿರುವ ತೀರ್ಪುಗಳು ಕಠೋರವಾದವು, ಏಕಪಕ್ಷವಾದವು. ಎರಡು ವರ್ಷದ ವಾಸದಿಂದ ಒಂದು ನಾಡಿನ ಧರ್ಮವನ್ನು ತೂಗಿ ಬೆಲೆಕಟ್ಟಿಬಿಡುವ ಆತುರವೂ ತಾರುಣ್ಯದ ಲಕ್ಷಣವೇ. ಆದರೆ ತೀರ್ಪುಗಳನ್ನು ಬದಿಗಿಟ್ಟು ನೋಟಗಳನ್ನು ಗಮನಿಸಿದರೆ, ರೈಲಿಗೂ ಹೊಸ ಶಾಲೆಗಳಿಗೂ ಮುಂಚಿನ ನಮ್ಮ ಸೀಮೆಯ ಜೀವನಕ್ಕೆ ಅದೊಂದು ಸಾಕ್ಷ್ಯವೆಂಬುದನ್ನು ಒಪ್ಪಲೇಬೇಕು. ೧೯೦೨ರಲ್ಲಿ ಮೈಸೂರಿನ ಹೆನ್ರಿ ಹೇಗ್ ಅವರು ಸಂಪಾದಿಸಿ ಅದನ್ನು ಪುನಃ ಅಚ್ಚುಹಾಕಿಸಿದರು.

ಸ್ವದೇಶದಲ್ಲಿ ಆರ್ಥರ್ ಅವರು ಬಹಳ ಉನ್ನತಿಗೆ ಬಂದರು. ೧೮೫೧ರಿಂದ ೧೮೬೮ರ ವರೆಗೆ ತಮ್ಮ ಮಿಷನ್ ಸಂಘದ ಕಾರ್ಯದರ್ಶಿಗಳಲ್ಲೊಬ್ಬರಾಗಿಯೂ, ೧೮೬೬ರಲ್ಲಿ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರಾಗಿಯೂ, ೧೮೬೮ರಿಂದ ೧೮೭೧ರ ವರೆಗೆ ಐರ್ಲೆಂಡಿನ ಬೆಲ್‌ಫಾಸ್ಟಿನ ಮೆಥಾಡಿಸ್ಟ್ ಕಾಲೇಜಿನ ಮೊದಲನೆಯ ಪ್ರಿನ್ಸಿಪಾಲರಾಗಿಯೂ ಇದ್ದರು. ೧೮೫೬ರಲ್ಲಿ ಅವರು ಬರೆದ, ಅಗ್ನಿಯ ನಾಲಗೆಯನ್ನು ಕುರಿತ ಧಾರ್ಮಿಕ ಗ್ರಂಥವು ಬಹು ಪ್ರಸಿದ್ಧವಾಯಿತು. ಪರಭಾಷೆಗಳು ಒಮ್ಮೆಲೆ ನಾಲಗೆಗೆ ಬಂದವೆಂಬ ಬೈಬಲಿನ ಕಥೆಯನ್ನು ಆಧಾರವಾಗಿಟ್ಟುಕೊಂಡ ಹೆಸರು ಅದು. ಪರಭಾಷೆಯೊಂದು ಎಷ್ಟು ಮೆಲ್ಲಮೆಲ್ಲನೆ ನಾಲಗೆಗೆ ಬರುತ್ತದೆಂಬುದನ್ನು ಗುಬ್ಬಿಯಲ್ಲಿ ಕಂಡವರು ಆ ಹೆಸರನ್ನಿಟ್ಟರೆಂಬುದು ನಮಗೆ ಸ್ವಾರಸ್ಯವಾಗಿ ತೋರುತ್ತದೆ. ೧೯೦೧ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಅವರು ದಿವಂಗತರಾದರು. ಅವರ ಹೆಸರಿನ ಸ್ಮಾರಕ ದೇವಾಲಯವು ಗುಬ್ಬಿಯಲ್ಲಿದೆ.

ಹೊರಟುಹೋದವರ ವಿಷಯವನ್ನು ಹೇಳಿದ್ದಾಯಿತು. ಉಳಿದವರಿಂದ ಕನ್ನಡಕ್ಕೆ ಆದುದೇನು? ಹಾಡ್ಸನ್ ಅವರು ನಡುವೆ ಕೆಲವು ವರ್ಷ ಸ್ವದೇಶದಲ್ಲಿದ್ದು ಪುನಃ ಈ ಸೀಮೆಗೆ ಬಂದು ಬಹುಕಾಲ ಕೆಲಸಮಾಡಿದರು. ತಾವು ಪಟ್ಟ ಕಷ್ಟವನ್ನು ಮುಂದಿನವರು ಪಡದಿರಲೆಂದು ಕನ್ನಡ ಭಾಷೆಯ ಒಂದು ಪ್ರಾಥಮಿಕ ವ್ಯಾಕರಣವನ್ನು ಬೆಂಗಳೂರಿನಲ್ಲಿ ಪ್ರಕಟಿಸಿದರು. ಅದರ ಎರಡನೆಯ ಮುದ್ರಣವು ೧೮೬೪ರಲ್ಲಿ ಆಯಿತು. ಉದಾಹರಣೆಯ ಪ್ರತಿಯೊಂದು ಪದಕ್ಕೂ ಅರ್ಥವನ್ನು ಕೊಟ್ಟು, ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೋರಿಸಿರುವುದು ಅದರ ಕ್ರಮ. ಹೊಸಬನು ಎಲ್ಲೆಲ್ಲಿ ಎಡವುತ್ತಾನೆಂಬುದನ್ನು ಸ್ವತಃ ಎಡವಿ ತಿಳಿದವರು ಮಾತ್ರ ಮಾಡಬಲ್ಲ ಕೆಲಸವಿದು. ಇಂಗ್ಲಿಷರೆಲ್ಲರೂ ‘ಕೆನರೀಸ್’ ಎಂದು ಬರೆಯುತ್ತಿದ್ದ ಕಾಲದಲ್ಲಿ ಈ ಗ್ರಂಥದ ಹೆಸರಿನಲ್ಲಿ ‘ಕನ್ನಡ’ವೆಂಬ ನಮ್ಮ ಹೆಸರು ಮೊದಲು ನಿಂತಿತು, ‘ಕೆನರೀಸ್’ ಎಂಬುದು ‘ಅಥವಾ’ ಎಂಬುದರ ಹಿಂದೆ ಸರಿಯಿತು. ಚಿಕ್ಕ ಸಂಗತಿಯೆಂದು ತೋರಿದರೂ ನೆಲದ ಮೇಲೆ ಕುಳಿತು ಕಲಿತವರ ಗುರುತು ಇದರಲ್ಲಿದೆ.

ಇದೇ ಮಿಷನ್ನಿನ ಜಾನ್ ಗ್ಯಾರೆಟ್ ಅವರು ಬೆಂಗಳೂರಿನ ಮುದ್ರಣಾಲಯವನ್ನು ನಡೆಸಿ, ಭಗವದ್ಗೀತೆಯನ್ನು ಸಂಸ್ಕೃತ ಕನ್ನಡ ಇಂಗ್ಲಿಷುಗಳಲ್ಲಿ ೧೮೪೦ರ ದಶಕದಲ್ಲಿ ಅಚ್ಚುಮಾಡಿದರು. ಬೈಬಲನ್ನು ಹಂಚಲು ಬಂದ ಅಚ್ಚಿನ ಮೊಳೆಗಳೇ ಗೀತೆಯನ್ನೂ ಮುದ್ರಿಸಿದುವು. ರೀವ್ ಅವರ ಕನ್ನಡ ಕೋಶವನ್ನು ಡೇನಿಯಲ್ ಸ್ಯಾಂಡರ್ಸನ್ ಅವರು ತಿದ್ದಿ ಬೆಳೆಸಿ ೧೮೫೮ರಲ್ಲಿ ಹೊರತಂದರು. ೧೮೮೭ರಲ್ಲಿ ಮೈಸೂರಿನಿಂದ ಹೊರಟ ‘ವೃತ್ತಾಂತ ಪತ್ರಿಕೆ’ಯು ಹಳ್ಳಿಹಳ್ಳಿಗೂ ವರ್ತಮಾನಗಳನ್ನು ಸರಳವಾದ ಗದ್ಯದಲ್ಲಿ ಮುಟ್ಟಿಸಿತು. ಪಶ್ಚಿಮ ಸಮುದ್ರತೀರದಲ್ಲಿ ಇದೇ ರೀತಿ ಬಾಸೆಲ್ ಮಿಷನ್ನಿನ ಮೋಗ್ಲಿಂಗರು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ೧೮೫೩ರಲ್ಲಿ ಇಪ್ಪತ್ತೊಂದು ವರ್ಷದ ತರುಣರಾಗಿ ಬಂದ ಕಿಟ್ಟೆಲ್ ಅವರು ಸುಮಾರು ೭೦,೦೦೦ ಶಬ್ದಗಳ ತಮ್ಮ ಕೋಶವನ್ನು ೧೮೯೪ರಲ್ಲಿ ಮುಗಿಸಿದರು. ಇಪ್ಪತ್ತು ಇಪ್ಪತ್ತೊಂದು ವರ್ಷದ ಹುಡುಗರು ಅಕ್ಷರಾಭ್ಯಾಸಕ್ಕೆ ಕುಳಿತ ದಿನದಿಂದ ಈ ಕೆಲಸಗಳೆಲ್ಲವೂ ಮೊದಲಾದುವೆಂಬುದನ್ನು ಮರೆಯಬಾರದು. ಇಬ್ಬರೂ ಸರಿಸುಮಾರು ಒಂದೇ ವಯಸ್ಸಿನಲ್ಲಿ ಬಂದವರು. ಒಬ್ಬರಿಗೆ ಕಣ್ಣು ಕೈಕೊಟ್ಟಿತು, ಎರಡು ವರ್ಷದಲ್ಲಿ ಹೋದರು. ಇನ್ನೊಬ್ಬರಿಗೆ ಆಯುಷ್ಯವೂ ಅವಕಾಶವೂ ಒದಗಿದುವು, ಕೋಶವಾಯಿತು. ಕಲಿಯುವ ಶ್ರದ್ಧೆಯಲ್ಲಿ ಅವರವರಿಗೆ ಭೇದವಿದ್ದಿತೆಂದು ಹೇಳುವ ಅಧಿಕಾರ ನಮಗಿಲ್ಲ.

ಇಷ್ಟನ್ನು ಹೇಳಿದಮೇಲೆ ನ್ಯಾಯಕ್ಕಾಗಿ ಇನ್ನೊಂದು ಮಾತನ್ನು ಹೇಳಬೇಕು. ಪ್ರತಿಯೊಬ್ಬ ಶಿಷ್ಯನಿಗೂ ಒಬ್ಬ ಗುರುವಿರುತ್ತಾನೆ. ಈ ಪರದೇಶೀಯ ಶಿಷ್ಯರ ಗುರುಗಳಾರು? ಬೆಳಗ್ಗೆ ಬಂಗಲೆಯ ಜಗಲಿಯ ಮೇಲೆ ಕುಳಿತು ಅಆಇಈ ತಿದ್ದಿಸಿದ ಮುನ್ಷಿ, ಬೆಲೆಗೂ ಬೆಳೆಗೂ ಇರುವ ಭೇದವನ್ನು ಮುಗುಳ್ನಗೆಯಿಂದಲೇ ಕಲಿಸಿದ ಅಂಗಡಿಯ ಶೆಟ್ಟರು, ಅರಳಿಕಟ್ಟೆಯ ಮೇಲೆ ವಾದಕ್ಕೆ ನಿಂತ ಜಂಗಮರು, ಮಳೆಬೆಳೆಯ ಮಾತನ್ನಾಡಿದ ರೈತರು, ಕುದುರೆ ಹಿಡಿದು ಜೊತೆಗೆ ನಡೆದ ಆಳು. ಶಿಷ್ಯರ ಹೆಸರುಗಳು ಪುಸ್ತಕಗಳ ಮುಖಪತ್ರದ ಮೇಲೆ ಅಚ್ಚಾದುವು. ಗುರುಗಳ ಹೆಸರುಗಳಿಗೆ ಅಲ್ಲಿ ಸ್ಥಳವಾಗಲಿಲ್ಲ. ವ್ಯಾಕರಣದ ಒಂದೊಂದು ಉದಾಹರಣೆಯ ಹಿಂದೆಯೂ ಅದನ್ನು ಮೊದಲು ಆಡಿದ ಒಂದು ಬಾಯಿಯಿದ್ದಿತು. ಕೋಶದ ಒಂದೊಂದು ಅರ್ಥದ ಹಿಂದೆಯೂ ‘ಹಾಗಲ್ಲ ಸ್ವಾಮೀ, ಹೀಗೆ’ ಎಂದು ತಿದ್ದಿದ ಒಬ್ಬ ಕನ್ನಡಿಗನಿದ್ದನು. ಪಾದ್ರಿಗಳು ಕನ್ನಡಕ್ಕೆ ಮಾಡಿದ ಉಪಕಾರವನ್ನು ನಾವು ಸ್ಮರಿಸುತ್ತೇವೆ, ಸ್ಮರಿಸುವುದು ಯುಕ್ತವೂ ಹೌದು. ಆದರೆ ಆ ಉಪಕಾರವು ಅರ್ಧಭಾಗ ಸಾಲದ ತೀರುವಳಿಯೆಂಬುದನ್ನೂ ಜ್ಞಾಪಿಸಿಕೊಳ್ಳಬೇಕು. ತಮ್ಮ ಧರ್ಮವನ್ನು ಆಕ್ಷೇಪಿಸಲೆಂದೇ ಬಂದವನಿಗೆ, ಆಕ್ಷೇಪಿಸುವುದಕ್ಕೆ ಬೇಕಾದ ಭಾಷೆಯನ್ನೇ ಕಲಿಸಿಕೊಟ್ಟ ಗುಬ್ಬಿಯ ಜನರ ಔದಾರ್ಯವನ್ನು ಯಾವ ಕೋಶವೂ ಬರೆದಿಟ್ಟಿಲ್ಲ.

ಈ ವಿಚಾರವು ಹಳೆಯ ಕಾಲಕ್ಕೆ ಮಾತ್ರ ಸೇರಿದ್ದಲ್ಲ. ಇಂದು ತುಮಕೂರು ಜಿಲ್ಲೆಯ ಮನೆಗಳಿಂದ ತರುಣತರುಣಿಯರು ಜರ್ಮನಿಗೂ ಜಪಾನಿಗೂ ವಿದ್ಯಾರ್ಥಿಗಳಾಗಿ ಉದ್ಯೋಗಸ್ಥರಾಗಿ ಹೋಗುತ್ತಿದ್ದಾರೆ. ಅಲ್ಲಿನ ಅಂಗಡಿಯಲ್ಲಿ ಹಾಲನ್ನು ಕೇಳಲು ಹೋಗಿ ನಾಚುವ ಸರದಿ ಈಗ ನಮ್ಮ ಮಕ್ಕಳದು. ವಸಂತನರಸಾಪುರದ ಕಾರ್ಖಾನೆಗಳಿಗೆ ಹೊರನಾ‌ಡುಗಳಿಂದ ಬಂದ ಕೆಲಸಗಾರರು ನಮ್ಮ ಪೇಟೆಗಳಲ್ಲಿ ತೊದಲುತ್ತ ಕನ್ನಡವನ್ನಾಡುತ್ತಿದ್ದಾರೆ. ಜಾನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕೆರೆಯ ಕುಣಿಗಲಿನಲ್ಲಿಯೂ ಅಂಥವರ ತೊದಲು ಕೇಳಿಬಂದೀತು. ತೊದಲುವವನನ್ನು ಕಂಡು ನಕ್ಕು ಮಾತನ್ನು ಬೇರೆ ಭಾಷೆಗೆ ತಿರುಗಿಸಿಬಿಡುವುದು ಸುಲಭ. ನಕ್ಕು, ತಿದ್ದಿ, ಪುನಃ ಹೇಳಿಸುವುದು ಗುಬ್ಬಿಯ ಹಿರಿಯರ ಮಾರ್ಗ. ಭಾಷೆಯೊಂದು ಬೆಳೆಯುವುದು ಅದನ್ನು ಹೊಗಳುವವರಿಂದಲ್ಲ, ಅದನ್ನು ಇನ್ನೊಬ್ಬನ ಬಾಯಿಗೆ ಹತ್ತಿಸುವವರಿಂದ.

ಕೊನೆಯದಾಗಿ ನಮ್ಮ ವಾಚಕರಲ್ಲಿ ಒಂದು ವಿಜ್ಞಾಪನೆ. ಗುಬ್ಬಿ, ಕುಣಿಗಲು, ತುಮಕೂರುಗಳ ಹಳೆಯ ಮನೆತನಗಳ ಅಟ್ಟಗಳಲ್ಲಿ ಕಡತಗಳು, ಕಾಗದಪತ್ರಗಳು, ಲೆಕ್ಕದ ಪುಸ್ತಕಗಳು ಇನ್ನೂ ಉಳಿದಿರಬಹುದು. ತಮ್ಮ ಪೂರ್ವಜರಲ್ಲಿ ಯಾರಾದರೂ ಸಾಹೇಬರಿಗೆ ಪಾಠ ಹೇಳುತ್ತಿದ್ದರೆಂಬ ಮಾತು ಮನೆಯ ಹಿರಿಯರ ಬಾಯಲ್ಲಿದ್ದರೆ, ಅಂಥ ಕಾಗದಗಳು ಕೈಗೆ ಸಿಕ್ಕಿದರೆ, ಅವುಗಳನ್ನು ಹುಳುಗಳಿಗೆ ಬಿಡದೆ ಇಂಥ ಪತ್ರಿಕೆಯ ಮೂಲಕ ಬೆಳಕಿಗೆ ತರಬೇಕೆಂದು ಪ್ರಾರ್ಥನೆ. ಶಿಷ್ಯನ ಹೆಸರಿಗೆ ಗುಬ್ಬಿಯಲ್ಲಿ ಒಂದು ಸ್ಮಾರಕವಿದೆ. ಗುರುವಿನ ಹೆಸರನ್ನು ಹುಡುಕಿ ಅದರ ಪಕ್ಕದಲ್ಲಿ ಬರೆಯುವ ಕೆಲಸವು ನಮ್ಮ ಪಾಲಿಗೆ ಉಳಿದಿದೆ.